ಫೈರ್ ಡೋರ್ ಚೌಕಟ್ಟಿನ ಸ್ಟಾಪ್ ಪಟ್ಟಿ: ಹುಬ್ಬಳ್ಳಿಯಲ್ಲಿ ಸಿಗುವ ನಾಲ್ಕು ನಮೂನೆ, ಯಾವುದನ್ನು ಕೊಳ್ಳಬೇಕು

ಬೆಂಕಿ, ಹೊಗೆಯನ್ನು ಒಂದಿಷ್ಟು ಹೊತ್ತು ತಡೆಯುವ ಫೈರ್ ಡೋರ್ ಕೊಳ್ಳುವವರು ಬಾಗಿಲಿನ ದಪ್ಪ ನೋಡುತ್ತಾರೆ, ಬಾಗಿಲನ್ನು ತಾನಾಗಿ ಮುಚ್ಚಿಸುವ ಕ್ಲೋಸರ್ ಯಾವ ಕಂಪನಿಯದು ಎಂದು ವಿಚಾರಿಸುತ್ತಾರೆ, ಟೆಸ್ಟ್ ಸರ್ಟಿಫಿಕೇಟ್ ಕೇಳುತ್ತಾರೆ. ಮುಚ್ಚಿದ ಬಾಗಿಲು ಹೋಗಿ ತಾಗುವ ಆ ಕಟ್ಟಿಗೆ ಪಟ್ಟಿಯ, ಅಂದರೆ ಸ್ಟಾಪಿನ, ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಬಡಿಗೇರರ ಪಾಲಿಗೆ ಹೋಗುತ್ತದೆ. ಅವರು ಅಂಗಡಿಯಲ್ಲಿ ಆ ದಿನ ಸಿಕ್ಕ ಬೀಡಿಂಗ್ ತಂದು, ಒಂದೂವರೆ ಇಂಚಿನ ತಲೆ ಇಲ್ಲದ ಮೊಳೆ ಹೊಡೆದು, ಪುಟ್ಟಿ ಹಚ್ಚಿ ಪೇಂಟಿನವರಿಗೆ ಬಿಟ್ಟುಕೊಡುತ್ತಾರೆ. ಮನೆಯ ಮಲಗುವ ಕೋಣೆಯ ಬಾಗಿಲಿಗೆ ಇಷ್ಟು ನಡೆಯುತ್ತದೆ. ನರ್ಸಿಂಗ್ ಹೋಮಿನ ಮೆಟ್ಟಿಲ ಬಾಗಿಲಿಗೆ, ಲಾಡ್ಜಿನ ಕಾರಿಡಾರಿಗೆ, ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನ ಆಫೀಸು ಬಾಗಿಲಿಗೆ ನಡೆಯುವುದಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಪಟ್ಟಿ ನಾಲ್ಕು ರೂಪದಲ್ಲಿ ಸಿಗುತ್ತದೆ. ಬಾಗಿಲು ತಯಾರಕರೇ ಬಾಗಿಲಿನ ಜೊತೆ ಕಳಿಸುವ ಸೆಟ್ ಒಂದು. ಕಟ್ಟಿಗೆ ಮಿಲ್ಲಿನಲ್ಲಿ ಕೊಯ್ಯಿಸಿ ಪ್ಲೇನಿಂಗ್ ಮಾಡಿಸಿದ ಮತ್ತಿ, ಸಾಗವಾನಿ ಅಥವಾ ಹೊನ್ನೆಯ ಪಟ್ಟಿ ಎರಡನೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುವ, ತುಂಡು ಜೋಡಿಸಿದ ಪೈನ್ ಅಥವಾ ರಬ್ಬರ್ ಮರದ ಬೀಡಿಂಗ್ ಮೂರನೆಯದು. ಮರದ ನಾರು ಒತ್ತಿ ಮಾಡಿದ ಎಮ್‌ಡಿಎಫ್ ಮತ್ತು ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ಪಟ್ಟಿ ನಾಲ್ಕನೆಯದು. ಐದಕ್ಕೆ ಅಂಕ ಕೊಡುವುದಾದರೆ ತಯಾರಕರ ಸೆಟ್‌ಗೆ ನಾಲ್ಕು, ಮಿಲ್ಲಿನ ಮತ್ತಿ ಪಟ್ಟಿಗೆ ನಾಲ್ಕೂವರೆ, ಸಾಗವಾನಿಗೆ ಮೂರೂವರೆ, ಬೀಡಿಂಗಿಗೆ ಒಂದೂವರೆ. ಕೊನೆಯದಕ್ಕೆ ಫೈರ್ ಡೋರಿನಲ್ಲಿ ಜಾಗವೇ ಇಲ್ಲ, ಅಂಕದ ಮಾತೂ ಇಲ್ಲ.

ಅಂಕ ಹೀಗಿದ್ದರೂ ಒಂದು ನಿಯಮ ಎಲ್ಲಕ್ಕಿಂತ ಮೇಲೆ. ಬಾಗಿಲಿನ ಸರ್ಟಿಫಿಕೇಟಿನಲ್ಲಿ ಸ್ಟಾಪಿನ ಅಳತೆ, ಮರದ ಜಾತಿ ಅಥವಾ ಸಾಂದ್ರತೆ, ಕೂಡಿಸುವ ರೀತಿ ಬರೆದಿದ್ದರೆ ಅದನ್ನೇ ಹಾಕಬೇಕು. ಫೈರ್ ಡೋರನ್ನು ಹಲಗೆ, ಚೌಕಟ್ಟು, ಬಿಜಾಗರಿ, ಸಂದಿ ಮುಚ್ಚುವ ಸೀಲ್, ಸ್ಟಾಪ್ ಎಲ್ಲ ಸೇರಿಸಿ ಕುಲುಮೆಗೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಒಂದನ್ನು ಬದಲಿಸಿದರೆ ಆ ಕಾಗದ ನಿಮ್ಮ ಬಾಗಿಲಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಇದರ ಮಾನಕ ಐಎಸ್ 3614, 2021ರಲ್ಲಿ ಪರಿಷ್ಕರಿಸಿದ್ದು. ಅಲ್ಲಿಯೂ ಮಾತು ಬರೀ ಹಲಗೆಯದಲ್ಲ, ಪೂರ್ತಿ ಡೋರ್‌ಸೆಟ್‌ನದು. ಚೌಕಟ್ಟಿನಲ್ಲೇ ಖಾಚ, ಅಂದರೆ ಬಾಗಿಲಿನ ಅಂಚು ಕೂರುವ ಮೆಟ್ಟು, ತೆಗೆದು ಒಂದೇ ತುಂಡಿನಲ್ಲಿ ಸ್ಟಾಪ್ ಮಾಡಿದ ಬಾಗಿಲಿದ್ದರೆ ಅದರ ಮೇಲೆ ಇನ್ನೊಂದು ಪಟ್ಟಿ ಬಡಿಯಬೇಡಿ. ಕಾಗದದಲ್ಲಿ ಬೇರೆ ಪಟ್ಟಿಗೆ ಅವಕಾಶವಿದ್ದಲ್ಲಿ ಅಥವಾ ಮುರಿದದ್ದನ್ನು ಬದಲಿಸುವಾಗ, ಅಳತೆಯಲ್ಲಿ ಸಮ ಇಲ್ಲವೇ ಹೆಚ್ಚು, ಸಾಂದ್ರತೆಯಲ್ಲೂ ಸಮ ಇಲ್ಲವೇ ಹೆಚ್ಚು ಎಂಬ ಲೆಕ್ಕಕ್ಕೆ ತಯಾರಕರಿಂದ ಒಂದು ಸಾಲು ಬರವಣಿಗೆ ತೆಗೆದುಕೊಳ್ಳಿ.

ಇಷ್ಟು ಸಣ್ಣ ಪಟ್ಟಿ ಬೆಂಕಿಯಲ್ಲಿ ಮಾಡುವ ಕೆಲಸವಾದರೂ ಏನು? ಗಟ್ಟಿ ಮರ ಬೆಂಕಿಗೆ ಒಡ್ಡಿದಾಗ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಮಿ.ಮೀ. ಕರಕಾಗುತ್ತ ಒಳಗೆ ಹೋಗುತ್ತದೆ. ಮೆದು ಮರ ಮುಕ್ಕಾಲು ಮಿ.ಮೀ.ವರೆಗೆ. ಅಂದರೆ 12 ಮಿ.ಮೀ. ಪಟ್ಟಿ ಒಂದು ಮುಖದಿಂದ ಸುಟ್ಟರೂ ಅರ್ಧ ಗಂಟೆಯೊಳಗೆ ಮುಗಿಯಿತು. ಬೆಂಕಿ ಪಟ್ಟಿಯ ಕಡೆಯೇ ಇದ್ದರೆ ಎರಡು ಮುಖದಿಂದ ಸುಡುತ್ತದೆ, ಮೂಲೆ ಇನ್ನೂ ಬೇಗ ಹೋಗುತ್ತದೆ. ಆದ್ದರಿಂದ ಒಂದು ತಾಸಿನ, ಅಂದರೆ ಅಷ್ಟು ಹೊತ್ತು ಬೆಂಕಿ ತಡೆಯಬೇಕಾದ, ಬಾಗಿಲನ್ನು ಪಟ್ಟಿಯೊಂದೇ ಕಾಯುತ್ತದೆ ಎಂದುಕೊಳ್ಳುವುದು ತಪ್ಪು. ಅದರ ಕೆಲಸ ಮೊದಲ ಕೆಲವು ನಿಮಿಷದ್ದು. ಬಾಗಿಲು ಮತ್ತು ಚೌಕಟ್ಟಿನ ಸಂದಿಯಲ್ಲಿರುವ ಇಂಟ್ಯುಮೆಸೆಂಟ್ ಸೀಲ್, ಅಂದರೆ ಬಿಸಿಗೆ ಉಬ್ಬುವ ಸೀಲ್, ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಬ್ಬಿ ಸಂದಿ ತುಂಬುತ್ತದೆ. ಅಲ್ಲಿಯವರೆಗೆ ಬಿಸಿ ಗಾಳಿ ನೇರ ನುಗ್ಗದಂತೆ ದಾರಿ ತಿರುಗಿಸುವುದು, ಬಾಗಿಲಿನ ಅಂಚು ಸೀಲ್‌ನ ಎದುರಿಗೇ ನಿಲ್ಲುವಂತೆ ಹಿಡಿಯುವುದು ಸ್ಟಾಪ್. ಸ್ಟಾಪ್ 5 ಮಿ.ಮೀ. ಹಿಂದೆ ಹೋಗಿದ್ದರೆ ಬಾಗಿಲೂ 5 ಮಿ.ಮೀ. ಒಳಗೆ ಸರಿದು ನಿಲ್ಲುತ್ತದೆ. ಆಗ ಸೀಲ್ ಉಬ್ಬುವುದು ಬಾಗಿಲಿನ ಅಂಚಿನ ನಡುಮಧ್ಯಕ್ಕಲ್ಲ, ಒಂದು ಬದಿಗೆ. ಹೊಗೆ ಸೀಲ್‌ದು ಇದಕ್ಕಿಂತ ಸೂಕ್ಷ್ಮ. ಅದರ ಕೂದಲು ಅಥವಾ ರಬ್ಬರ್ ನಾಲಿಗೆ ಬಾಗಿಲಿಗೆ ತಾಗದಿದ್ದರೆ ತಣ್ಣನೆಯ ಹೊಗೆಗೆ ಅಡ್ಡಿಯೇ ಇಲ್ಲ. ಕೋಣೆಗೆ ಬೆಂಕಿ ಬಿದ್ದಾಗ ಒತ್ತಡ ಹೆಚ್ಚುವುದು ಬಾಗಿಲಿನ ಮೇಲ್ಭಾಗದಲ್ಲಿ. ಅದಕ್ಕೇ ಕೀಲಿಯ ಕಡೆಯ ಮೇಲಿನ ಮೂಲೆಯನ್ನು ಉಳಿದೆಲ್ಲಕ್ಕಿಂತ ಮೊದಲು ನೋಡಬೇಕು.

ಎಷ್ಟು ದಪ್ಪ ಬೇಕು ಎಂಬಲ್ಲಿ ಎರಡು ಸಂಖ್ಯೆ ಓಡಾಡುತ್ತವೆ: 25 ಮತ್ತು 12. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಅರ್ಧ ಗಂಟೆಯ ಬಾಗಿಲಿಗೂ ಒಂದು ಇಂಚಿನ ಸ್ಟಾಪ್ ಬೇಕಿತ್ತು, ಯಾಕೆಂದರೆ ಆಗ ಉಬ್ಬುವ ಸೀಲ್ ಬಳಕೆಯಲ್ಲಿರಲಿಲ್ಲ. ಸೀಲ್ ಬಂದ ಮೇಲೆ ಅಲ್ಲಿಯ 30 ನಿಮಿಷದ ಎಷ್ಟೋ ಬಾಗಿಲುಗಳು 12 ಮಿ.ಮೀ. ಸ್ಟಾಪಿನಲ್ಲೇ ಪರೀಕ್ಷೆ ಪಾಸಾದವು. ನಮ್ಮ ಅಭಿಪ್ರಾಯ ಇಷ್ಟು: ಕಾಗದ ಏನೂ ಹೇಳದಿದ್ದಲ್ಲಿ 25ಕ್ಕೇ ಹೋಗಿ. ಬೆಂಕಿಗಿಂತ ಹೆಚ್ಚಾಗಿ ದಿನದ ಬಳಕೆಗಾಗಿ ಈ ಮಾತು. ಸ್ಟ್ರೆಚರ್, ಟ್ರಾಲಿ, ಗ್ಯಾಸ್ ಸಿಲಿಂಡರ್ ತಾಗಿದಾಗ 12 ಮಿ.ಮೀ. ಪಟ್ಟಿ ಸೀಳುತ್ತದೆ, ಅದರಲ್ಲಿ ಸ್ಕ್ರೂ ತಲೆ ಮುಳುಗಿಸಲು ಕಟ್ಟಿಗೆಯೂ ಉಳಿಯುವುದಿಲ್ಲ. ಹಳೆಯ ಚೌಕಟ್ಟಿಗೆ ಹೊಸದಾಗಿ ಪಟ್ಟಿ ಹಾಕುವವರು ಒಂದು ಲೆಕ್ಕ ಮರೆಯಬಾರದು. ಎರಡೂ ಕಡೆ 25 ಸೇರಿದರೆ ದಾರಿ 50 ಮಿ.ಮೀ. ಕಿರಿದಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಹೊರಹೋಗುವ ಬಾಗಿಲಿಗೆ ಕನಿಷ್ಠ 1000 ಮಿ.ಮೀ. ಅಗಲ ಕೇಳುತ್ತದೆ. ಚೌಕಟ್ಟಿನ ಒಳಗೆ ಸರಿಯಾಗಿ 1000 ಇಟ್ಟು ಕಟ್ಟಿದ್ದರೆ ಪಟ್ಟಿ ಹಾಕಿದ ಮೇಲೆ 950 ಉಳಿಯಿತು. ಹೊಸ ಕಟ್ಟಡದಲ್ಲಿ ಚೌಕಟ್ಟಿಗೆ ಆರ್ಡರ್ ಕೊಡುವಾಗಲೇ ಒಳ ಅಗಲ 1050 ಎಂದು ಬರೆಸಿ.

ಇನ್ನು ಒಂದೊಂದೇ ನಮೂನೆಯ ವಿಚಾರ.

ತಯಾರಕರ ಸೆಟ್‌ನ ದೊಡ್ಡ ಗುಣ, ಅದು ಪರೀಕ್ಷೆಯಾದ ಬಾಗಿಲಿನದೇ ಅಂಗ. ಸೀಲ್ ಕೂರುವ ತೋಡು ಯಂತ್ರದಲ್ಲಿ ಕೊರೆದಿರುತ್ತದೆ, ಕೈಯಿಂದ ಅಷ್ಟು ಸಮ ಬರುವುದಿಲ್ಲ. ಒಂದು ಅಂಕ ಹೋಗುವುದು ಸಾಗಣೆಯಲ್ಲಿ. ಪ್ಲಾಸ್ಟಿಕ್ ಸುತ್ತಿದ ಪಟ್ಟಿಯನ್ನು ಲಾರಿಯಿಂದ ಇಳಿಸಿ ಹಸಿ ಪ್ಲಾಸ್ಟರ್ ಇರುವ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಡುತ್ತಾರೆ. ಹದಿನೈದು ದಿನದಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬಂದ ಕೂಡಲೇ ಪ್ಲಾಸ್ಟಿಕ್ ಬಿಚ್ಚಿ, ನೆಲದ ಮೇಲೆ ಮೂರು ಕಡೆ ಸಮ ದಪ್ಪದ ತುಂಡು ಇಟ್ಟು, ಅದರ ಮೇಲೆ ಮಲಗಿಸಿ ಒಂದು ವಾರ ಬಿಡಿ. ಇನ್ನೊಂದು ಕೊರತೆ: ಒಂದು ಕಡ್ಡಿ ಮುರಿದರೆ ಬದಲಿ ತರಿಸಲು ಬೆಂಗಳೂರು, ಪುಣೆಯ ಕಡೆ ನೋಡುತ್ತ ಕೂರಬೇಕು. ಆರ್ಡರ್ ಕೊಡುವಾಗಲೇ ಹತ್ತು ಬಾಗಿಲಿಗೆ ಒಂದು ಸೆಟ್ ಹೆಚ್ಚಿಗೆ ತರಿಸುವುದು ಲೇಸು.

ಮಿಲ್ಲಿನ ಪಟ್ಟಿಯ ಬಗ್ಗೆ ಹೇಳುವುದು ಹೆಚ್ಚಿದೆ, ಯಾಕೆಂದರೆ ನಮ್ಮ ಸೀಮೆಗೆ ಇದೇ ಸಹಜ. ದಾಂಡೇಲಿ, ಯಲ್ಲಾಪುರದ ಕಾಡಿನ ಕಟ್ಟಿಗೆ ಹುಬ್ಬಳ್ಳಿ-ಧಾರವಾಡಕ್ಕೆ ಹತ್ತಿರ, ಹಾನಗಲ್ಲಿನ ಕಡೆಯವರಿಗೆ ಮುಂಡಗೋಡ, ಶಿರಸಿ ಹತ್ತಿರ. ಮತ್ತಿ ತೂಕದ ಮರ, ಘನ ಮೀಟರಿಗೆ ಸುಮಾರು 800 ಕಿಲೋ. ಸ್ಕ್ರೂ ಹಿಡಿತ ಚೆನ್ನ, ಏಟು ತಡೆಯುತ್ತದೆ, ಬೆಲೆಯಲ್ಲಿ ಸಾಗವಾನಿಗಿಂತ ಅಗ್ಗ. ಅರ್ಧ ಅಂಕ ಕಡಿದದ್ದು ಎರಡು ಕಾರಣಕ್ಕೆ. ಸರಿಯಾಗಿ ಒಣಗದಿದ್ದರೆ ಸೀಳುತ್ತದೆ, ಮತ್ತೆ ತೂತು ಕೊರೆಯದೆ ಸ್ಕ್ರೂ ಹಾಕಲು ಹೋದರೆ ತುದಿ ಬಿಟ್ಟುಕೊಳ್ಳುತ್ತದೆ. ಹೊನ್ನೆಯೂ ಇಷ್ಟೇ ಗಟ್ಟಿ. ಒದ್ದೆಯಾದಾಗ ಹಳದಿ-ಕಂದು ಕಲೆ ಬಿಡುವುದರಿಂದ ಬಿಳಿ ಪೇಂಟಿನ ಬಾಗಿಲಿಗೆ ಮೊದಲು ಸೀಲರ್ ಹೊಡೆಯಬೇಕು. ಸಾಗವಾನಿ ಸೊಟ್ಟಗಾಗುವುದು ಬಹಳ ಕಡಿಮೆ, ಅದೇ ಅದರ ಬಲ. ಆದರೆ ತೂಕದಲ್ಲಿ ಅದು ಗಡಿಯ ಮೇಲೆ ನಿಂತ ಮರ. ಹಳೆಯ, ಬಲಿತ ಸಾಗವಾನಿ 650ರ ಆಸುಪಾಸು ತೂಗುತ್ತದೆ; ತೋಟದಲ್ಲಿ ಬೇಗ ಬೆಳೆಸಿದ ಎಳೆ ಸಾಗವಾನಿ ಅಷ್ಟು ಬರುವುದಿಲ್ಲ. ಒಂದು ತಾಸಿನ ಬಾಗಿಲಿನ ಚೌಕಟ್ಟು, ಸ್ಟಾಪಿಗೆ ಸಾಮಾನ್ಯವಾಗಿ ಕೇಳುವ ಸಾಂದ್ರತೆ 640-650. ಹೆಸರಿಗೆ ಸಾಗವಾನಿ ಎಂದು ದುಬಾರಿ ಕೊಟ್ಟು ಕಡಿಮೆ ತೂಕದ ಪಟ್ಟಿ ತಂದವರೇ ಹೆಚ್ಚು ಮೋಸ ಹೋಗುವುದು.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. 25 ಮಿ.ಮೀ. ದಪ್ಪ, 45 ಮಿ.ಮೀ. ಅಗಲದ ಪಟ್ಟಿಯನ್ನು ಸರಿಯಾಗಿ ಒಂದು ಮೀಟರ್ ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಇಡಿ. 730 ಗ್ರಾಂ ಬಂದರೆ ಸಾಂದ್ರತೆ 650. ಒಳ್ಳೆಯ ಮತ್ತಿ 900 ಗ್ರಾಂ ಹತ್ತಿರ ತೂಗುತ್ತದೆ. ಅಂಗಡಿ ಬೀಡಿಂಗಿನ ಪೈನ್ ಆ 730ರ ಹತ್ತಿರ ಬರುವುದೇ ಕಷ್ಟ. ಆದರೆ ಹಸಿ ಕಟ್ಟಿಗೆ ನೀರಿನ ತೂಕ ತೋರಿಸಿ ಕಣ್ಣು ಕಟ್ಟುತ್ತದೆ, ಅದಕ್ಕೆ ತೇವಾಂಶದ ಮೀಟರ್ ಜೊತೆಗಿರಲಿ. ಎರಡು ಸೂಜಿಯ ಸಣ್ಣ ಮೀಟರ್ ಸಾಕು. ಪಟ್ಟಿಯ ತುದಿಗಲ್ಲ, ನಡುವೆ ಚುಚ್ಚಿ ನೋಡಿ, ಶೇಕಡಾ 10ರಿಂದ 12ರೊಳಗೆ ಇರಬೇಕು. 15 ತೋರಿಸಿದ ಪಟ್ಟಿಯನ್ನು ಎಷ್ಟೇ ಚೆನ್ನಾಗಿದ್ದರೂ ಅವತ್ತು ತರಬೇಡಿ.

ಒಂದು ಬಾಗಿಲಿಗೆ ಎಷ್ಟು ಬೇಕು? ಒಳ ಅಗಲ 1050, ಎತ್ತರ 2100 ಇರುವ ಚೌಕಟ್ಟಿಗೆ ಮೇಲಿನ ಅಡ್ಡಪಟ್ಟಿ 1050, ನಿಲುವು ಪಟ್ಟಿ 2075ರಂತೆ ಎರಡು. ಒಟ್ಟು 5.2 ಮೀಟರ್, ಅಂದರೆ 17 ಅಡಿ. ಏಳೂವರೆ ಅಡಿಯ ಎರಡು, ನಾಲ್ಕು ಅಡಿಯ ಒಂದು ತಂದರೆ ಜೋಡಣೆ ಇಲ್ಲದೆ ಮುಗಿಯುತ್ತದೆ. ನಿಲುವಿನ ನಡುವೆ ತುಂಡು ಜೋಡಿಸಿದ ಪಟ್ಟಿಯನ್ನು ಒಪ್ಪಿಕೊಳ್ಳಬೇಡಿ. ಒಂದೂಕಾಲು ಇಂಚು, ಎರಡು ಇಂಚಿನ ಒರಟು ಕಡ್ಡಿಯಿಂದ ಪ್ಲೇನ್ ಮಾಡಿದರೂ ಒಂದು ಬಾಗಿಲಿಗೆ ಹೋಗುವ ಕಟ್ಟಿಗೆ ಒಂದು ಘನ ಅಡಿಯ ಮೂರನೇ ಒಂದು ಭಾಗ ಮಾತ್ರ. ಬಾಗಿಲಿನ ಒಟ್ಟು ಖರ್ಚಿನಲ್ಲಿ ಇದು ಕಾಣುವ ಮೊತ್ತವೇ ಅಲ್ಲ. ಇಲ್ಲಿ ಉಳಿತಾಯ ಮಾಡಲು ಹೋಗಿ ಪೈನ್ ಬೀಡಿಂಗ್ ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಆ ಬೀಡಿಂಗ್ ಕೆಟ್ಟದ್ದಲ್ಲ, ಅದರ ಜಾಗ ಬೇರೆ. ಫೋಟೋ ಫ್ರೇಮು, ಗಾಜಿನ ಷೋಕೇಸಿಗೆ ಚೆನ್ನ. ಬೆರಳು ಬೆರಳಾಗಿ ಜೋಡಿಸಿದ ಕೀಲಿನಲ್ಲಿ ಯಾವ ಅಂಟಿದೆ ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಮತ್ತು ಬಾಗಿಲು ಬಡಿದು ಬಡಿದು ಮೊದಲು ಬಿರಿಯುವುದು ಆ ಕೀಲೇ. ಎಮ್‌ಡಿಎಫ್ ತುದಿಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ನೆಲ ಒರೆಸುವ ನೀರಿಗೆ ಊದಿಕೊಳ್ಳುತ್ತದೆ. ಡಬ್ಲ್ಯುಪಿಸಿ ಈಗ ಬಚ್ಚಲು ಬಾಗಿಲಿಗೆ ಎಲ್ಲ ಕಡೆ ಹಾಕುತ್ತಿದ್ದಾರೆ, ಗೆದ್ದಲು ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಪೇಟೆಯಲ್ಲಿ ಸಿಗುವ ಬಹುಪಾಲು ಡಬ್ಲ್ಯುಪಿಸಿಯ ಮೂಲ ಪಿವಿಸಿ. ಅದು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಇಂಟ್ಯುಮೆಸೆಂಟ್ ಸೀಲ್ ಎಚ್ಚೆತ್ತುಕೊಳ್ಳುವ ಮೊದಲೇ ಸ್ಟಾಪ್ ಜೋತು ಬಿದ್ದಿರುತ್ತದೆ.

ಕೂಡಿಸುವ ವಿಧಾನಕ್ಕೆ ಬರೋಣ. ಸ್ಟಾಪ್ ಪಟ್ಟಿ ಎಲ್ಲಕ್ಕಿಂತ ಕೊನೆಯ ಕೆಲಸ. ಚೌಕಟ್ಟು ಓಳಂಬಕ್ಕೆ ನಿಂತು, ಬಾಗಿಲು ಮೂರು ಉಕ್ಕಿನ ಬಿಜಾಗರಿಯ ಮೇಲೆ ತೂಗಿ, ಎರಡೂ ಬದಿ ಮತ್ತು ಮೇಲೆ 3 ಮಿ.ಮೀ. ಸಂದಿ ಬಂದು, ಕೀಲಿ, ಕ್ಲೋಸರ್ ಎರಡೂ ಕೂತ ಮೇಲೆ ಇದರ ಸರದಿ. 3 ಮಿ.ಮೀ. ಎಂದರೆ ಇಲ್ಲಿನ ಬಡಿಗೇರರ ಬಾಯಲ್ಲಿ ಒಂದು ಸೂತು, ಬೆಂಗಳೂರಿನ ಕಡೆಯವರ ಒಂದು ನೂಲು. ಇಂಚಿನ ಎಂಟನೇ ಒಂದು ಭಾಗ. ಈ ವಿಷಯದಲ್ಲಿ ಬಡಿಗೇರರ ಕಣ್ಣಳತೆಗೂ ಮಾನಕಕ್ಕೂ ಹೊಂದುವುದು ನಮ್ಮ ಭಾಗ್ಯ. "ಸುತ್ತ ಒಂದು ಸೂತು ಬಿಡ್ರಿ" ಎಂದರೆ ಸಾಕು, ಬೇರೆ ವಿವರಣೆ ಬೇಡ. ಪಟ್ಟಿ ಮೊದಲೇ ಬಡಿದು ಅದಕ್ಕೆ ಬಾಗಿಲು ಹೊಂದಿಸಲು ಹೋದರೆ ಬಾಗಿಲಿನ ಅಂಚಿಗೆ ಹತ್ತರಿ ಹೊಡೆಯಬೇಕಾಗುತ್ತದೆ, ಸಂದಿ ಹಾಳಾಗುತ್ತದೆ.

ಬಾಗಿಲನ್ನು ಲ್ಯಾಚ್ ಬೀಳುವವರೆಗೆ ಮುಚ್ಚಿ, ಅದು ತೆರೆಯುವ ದಿಕ್ಕಿನ ಎದುರು ಬದಿಗೆ ಬನ್ನಿ. 1 ಮಿ.ಮೀ. ಸನ್ಮೈಕಾದ ವೇಸ್ಟ್ ತುಂಡುಗಳನ್ನು ಕಿರುಬೆರಳಿನಷ್ಟು ಕತ್ತರಿಸಿ ಇಟ್ಟುಕೊಳ್ಳಿ. ಕೀಲಿಯ ಕಡೆ ಮತ್ತು ಮೇಲೆ ಒಂದು ತುಂಡು, ಬಿಜಾಗರಿಯ ಕಡೆ ಎರಡು ತುಂಡು ಸೇರಿಸಿ, ಬಾಗಿಲಿಗೂ ಪಟ್ಟಿಗೂ ನಡುವೆ ಸಿಕ್ಕಿಸುತ್ತ ಪಟ್ಟಿ ಒತ್ತಿ ಹಿಡಿಯಬೇಕು. ಬಿಜಾಗರಿಯ ಕಡೆ 2 ಮಿ.ಮೀ. ಬೇಕೇಬೇಕು. ಅಲ್ಲಿ ಪಟ್ಟಿ ಬಾಗಿಲಿಗೆ ಒತ್ತಿಕೊಂಡರೆ ಬಾಗಿಲು ಅದನ್ನೇ ಆನಿಸಿಕೊಂಡು ಹಿಂದಕ್ಕೆ ಚಿಮ್ಮುತ್ತದೆ, ಕ್ಲೋಸರ್ ಎಷ್ಟು ಬಿಗಿ ಮಾಡಿದರೂ ಲ್ಯಾಚ್ ಬೀಳುವುದಿಲ್ಲ, ಬಿಜಾಗರಿಯ ಸ್ಕ್ರೂ ತಿಂಗಳೊಳಗೆ ಸಡಿಲಾಗುತ್ತವೆ. ಬಹಳ ಕಡೆ ಕ್ಲೋಸರ್ ಬದಲಿಸಿ ಬದಲಿಸಿ ಸೋತ ಬಾಗಿಲಿನ ರೋಗ ಇದೇ ಆಗಿರುತ್ತದೆ. ಪಟ್ಟಿಗೆ ಒತ್ತು ಬೀಳುವ ಹೊಗೆ ಸೀಲ್ ಇದ್ದರೆ ಲೆಕ್ಕ ಬದಲು. ಆಗ ಸೀಲ್ ಪ್ಯಾಕೆಟ್ಟಿನ ಮೇಲೆ ಬರೆದ ಅಂತರವೇ ಅಂತರ, ಹೆಚ್ಚಾಗಿ 3 ಮಿ.ಮೀ.

ಮೊದಲು ಮೇಲಿನ ಅಡ್ಡಪಟ್ಟಿಯನ್ನು ಚೌಕಟ್ಟಿನ ಪೂರ್ತಿ ಅಗಲಕ್ಕೆ ಕೂಡಿಸಿ. ಆಮೇಲೆ ನಿಲುವು ಪಟ್ಟಿಗಳನ್ನು ಅದರ ಕೆಳಗೆ ಬಿಗಿಯಾಗಿ ಆನಿಸಿ. ಮೂಲೆಗೆ 45 ಡಿಗ್ರಿ ಕೊಯ್ಯುವುದು ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿದಾಗ ಒಳಮೂಲೆಯಿಂದ ಬಾಯಿ ಬಿಡುತ್ತದೆ. ಅದೇ ಕೀಲಿಯ ಕಡೆಯ ಮೇಲಿನ ಮೂಲೆ, ಬೆಂಕಿ ಮೊದಲು ಹುಡುಕುವ ಜಾಗ. ನೇರ ಕಡಿತವೇ ಒಳ್ಳೆಯದು; ಮೂಲೆ ನೋಡುವ ಗುಣಿಯಾ ಇಟ್ಟು ಕೊಯ್ಯಿರಿ, ಕೂಡಿದ ಜಾಗದಲ್ಲಿ ಉಗುರು ತೂರಬಾರದು. ಪುಟ್ಟಿ ತುಂಬಿ ಮುಚ್ಚಿದ ಮೂಲೆಯನ್ನು ಒಪ್ಪಿಕೊಳ್ಳಬೇಡಿ.

ಮೊಳೆ ಬೇಡ. ಉಕ್ಕಿನ 8 ನಂಬರ್ ಸ್ಕ್ರೂ, 50 ಮಿ.ಮೀ. ಉದ್ದದ್ದು. 25 ಮಿ.ಮೀ. ಪಟ್ಟಿ ದಾಟಿ ಅಷ್ಟೇ ಚೌಕಟ್ಟಿನೊಳಗೆ ಹೋಗುತ್ತದೆ, 12 ಮಿ.ಮೀ. ಪಟ್ಟಿಯಾದರೆ 35 ಸಾಕು. ಪಟ್ಟಿಯಲ್ಲಿ 4.5 ಮಿ.ಮೀ. ತೂತು, ಚೌಕಟ್ಟಿನಲ್ಲಿ 3 ಮಿ.ಮೀ. ತೂತು, ತಲೆ ಮುಳುಗುವಷ್ಟು ಕುಳಿ. ಪಟ್ಟಿಯ ತೂತು ಸಡಿಲ ಇದ್ದರೆ ಮಾತ್ರ ಸ್ಕ್ರೂ ಪಟ್ಟಿಯನ್ನು ಚೌಕಟ್ಟಿಗೆ ಎಳೆದು ಬಿಗಿಯುತ್ತದೆ. ಎರಡರಲ್ಲೂ ಒಂದೇ ಬಿಟ್ ಹೊಡೆದರೆ ನಡುವೆ ಸಂದಿ ಹಾಗೇ ಉಳಿಯುತ್ತದೆ. ತುದಿಯಿಂದ 50 ಮಿ.ಮೀ. ಬಿಟ್ಟು ಮೊದಲನೆಯದು, ಆಮೇಲೆ 200 ಮಿ.ಮೀ.ಗೊಂದು. ನಿಲುವಿಗೆ 11ರಂತೆ 22, ಮೇಲೆ 6, ಒಟ್ಟು 28 ಸ್ಕ್ರೂ. ಹಿತ್ತಾಳೆ, ಅಲ್ಯುಮಿನಿಯಮ್ ಸ್ಕ್ರೂ ಹೊಳಪಿಗೆ ಮರುಳಾಗಿ ಹಾಕಬೇಡಿ; ಅಲ್ಯುಮಿನಿಯಮ್ 660 ಡಿಗ್ರಿಗೇ ಕರಗುತ್ತದೆ.

ಪಟ್ಟಿಯ ಹಿಂದೆ ಬಿಳಿ ಅಂಟು ಹಚ್ಚಬೇಕೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಸರ್ಟಿಫಿಕೇಟ್ ಅಂಟು ಕೇಳಿದರೆ ಅದು ಹೇಳಿದ ಅಂಟು. ಕೇಳದಿದ್ದರೆ ಬೇಡ. ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಬೆಂಕಿಯಲ್ಲಿ ಅದರಿಂದ ಉಪಯೋಗವಿಲ್ಲ. ನಾಳೆ ಪಟ್ಟಿ ಸರಿಸಬೇಕಾದಾಗ ಮಾತ್ರ ಉಳಿ ಹಾಕಿ ಚೌಕಟ್ಟನ್ನೇ ಕೀಳಬೇಕಾಗುತ್ತದೆ. ಅದರ ಬದಲು ಬಿಸಿಗೆ ಉಬ್ಬುವ ಪೇಸ್ಟು, ಅಂದರೆ ಇಂಟ್ಯುಮೆಸೆಂಟ್ ಮಾಸ್ಟಿಕ್‌ನ 3 ಮಿ.ಮೀ. ಎರಡು ಗೆರೆ ಎಳೆದು ಸ್ಕ್ರೂ ಬಿಗಿಯಿರಿ. 310 ಮಿ.ಲೀ. ಟ್ಯೂಬಿನಲ್ಲಿ ನಾಲ್ಕು ಬಾಗಿಲು ಆಗುತ್ತವೆ. ನಿಲುವಿನ ಕೆಳತುದಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸಬೇಡಿ. ನೆಲ ಒರೆಸುವ ನೀರನ್ನು ಅದು ದೀಪದ ಬತ್ತಿಯಂತೆ ಹೀರುತ್ತದೆ, ಹಿಂದೆಯೇ ಗೆದ್ದಲು. ತುದಿಗೆ ಎರಡು ಸಲ ಪ್ರೈಮರ್ ಕುಡಿಸಿ, 3 ಮಿ.ಮೀ. ಎತ್ತಿ ನಿಲ್ಲಿಸಿ, ಆ ಸಂದಿಗೆ ಅದೇ ಮಾಸ್ಟಿಕ್ ತುಂಬಿ. ಕೈ ಪಳಗಿದ ಬಡಿಗೇರರಿಗೆ ಒಬ್ಬ ಸಹಾಯಕನ ಜೊತೆ ಇದೆಲ್ಲ ಎರಡು ತಾಸಿನ ಕೆಲಸ. ಅರ್ಧ ತಾಸಿನಲ್ಲಿ ಮುಗಿಸಿದೆವು ಎಂದರೆ ಮೊಳೆ ಹೊಡೆದಿದ್ದಾರೆ ಎಂದೇ ಅರ್ಥ.

ಈಗ ಒಂದೇ ತುಂಡಿನ ಖಾಚದ ಚೌಕಟ್ಟಿಗಿಂತ ಸ್ಕ್ರೂ ಹಾಕಿದ ಬಿಡಿ ಪಟ್ಟಿ ನಮ್ಮ ಕಡೆಗೆ ಯಾಕೆ ವಾಸಿ ಎಂಬುದು. ಕಾರಣ ಕಾಲಿನ ಕೆಳಗೇ ಇದೆ. ಹುಬ್ಬಳ್ಳಿಯ ಬಹುಭಾಗ, ನವಲಗುಂದ, ಗದಗ ಎಲ್ಲ ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬುನಾದಿ ಆಳಕ್ಕೆ ಹೋಗದ ಹಳೆಯ ಕಟ್ಟಡಗಳಲ್ಲಿ ಗೋಡೆ ಅಲುಗಿದಾಗ ಚೌಕಟ್ಟಿನ ಒಂದು ಕಾಲು ಒಂದೆರಡು ಮಿ.ಮೀ. ಹೊರಳುತ್ತದೆ. ಮೇಲೆ ತಾಗುವ ಬಾಗಿಲು ಕೆಳಗೆ 4 ಮಿ.ಮೀ. ದೂರ ನಿಲ್ಲುತ್ತದೆ. ಖಾಚದ ಚೌಕಟ್ಟಿನಲ್ಲಿ ಇದಕ್ಕೆ ಮದ್ದಿಲ್ಲ, ಚೌಕಟ್ಟನ್ನೇ ಬಿಚ್ಚಬೇಕು. ಬಿಡಿ ಪಟ್ಟಿಯಾದರೆ ಕೀಲಿಯ ಕಡೆಯದೊಂದನ್ನೇ ಕಳಚಿ, ಬಾಗಿಲಿನ ಗೆರೆ ಹಿಡಿದು ಮತ್ತೆ ಕೂಡಿಸಬಹುದು. ಇದಕ್ಕೂ ಮಿತಿ ಇದೆ. ಹೊಂದಾಣಿಕೆ 4-5 ಮಿ.ಮೀ. ಮೀರಿದರೆ ಪಟ್ಟಿ ಸರಿಸುವುದು ರೋಗ ಮುಚ್ಚಿಟ್ಟಂತೆ. ಬಿಜಾಗರಿ, ಚೌಕಟ್ಟು, ಬಾಗಿಲು, ಯಾವುದು ತಿರುಚಿದೆ ಎಂದು ಮೊದಲು ನೋಡಬೇಕು.

ಸರಿಸುವಾಗ ಹಳೆಯ ತೂತಿಗೇ ಸ್ಕ್ರೂ ಹಾಕಿದರೆ ಅದು ಪಟ್ಟಿಯನ್ನು ಹಳೆಯ ಜಾಗಕ್ಕೇ ಎಳೆಯುತ್ತದೆ. ಬೆಂಕಿಕಡ್ಡಿ ತುರುಕಿ ತಿರುಗಿಸುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೌಕಟ್ಟಿನ ಹಳೆಯ ತೂತನ್ನು 8 ಮಿ.ಮೀ.ಗೆ ಹಿರಿದು ಮಾಡಿ, ಗಟ್ಟಿ ಮರದ ಗೂಟ ಅಂಟು ಹಚ್ಚಿ ಬಡಿದು, ಸಮ ಮಾಡಿ, ಹೊಸ ತೂತುಗಳನ್ನು ಹಳೆಯ ಎರಡರ ನಡುವೆ ಕೊರೆಯಿರಿ. ಪಟ್ಟಿಯ ಹಳೆಯ ತೂತಿಗೂ ಅದೇ ಗೂಟ.

ನಿಗಾಕ್ಕೆ ವರ್ಷದಲ್ಲಿ ಎರಡು ಸಲ ಸಾಕು, ಆದರೆ ಹೊತ್ತು ಸರಿಯಾಗಿರಬೇಕು. ಮೇ ಕೊನೆಗೆ ಒಂದು, ಕಟ್ಟಿಗೆ ಪೂರ್ತಿ ಒಣಗಿ ಸಂದಿ ಅತಿ ದೊಡ್ಡದಾಗಿರುವಾಗ. ದಸರೆ ಮುಗಿದ ಮೇಲೆ ಇನ್ನೊಂದು, ಮಳೆಗಾಲದ ತೇವ ಕುಡಿದು ಸಂದಿ ಅತಿ ಸಣ್ಣದಾಗಿರುವಾಗ. 45 ಮಿ.ಮೀ. ಅಗಲದ ಪಟ್ಟಿ ಈ ಎರಡರ ನಡುವೆ ಸುಮಾರು ಅರ್ಧ ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಕೂಡಿಸುವಾಗ 1 ಮಿ.ಮೀ. ಬಿಟ್ಟದ್ದು ಇದಕ್ಕೇ. ಧಾರವಾಡದಲ್ಲಿ ಮಲೆನಾಡಿನ ಸೆರಗಿನ ಜಡಿಮಳೆ ಹೆಚ್ಚು, ಗದಗಿನಲ್ಲಿ ಒಣಹವೆ ಹೆಚ್ಚು; ಒಂದೇ ಮಾಲಕರ ಎರಡು ಊರಿನ ಕಟ್ಟಡದಲ್ಲಿ ಒಂದೇ ಪಟ್ಟಿ ಬೇರೆ ಬೇರೆ ರೀತಿ ನಡೆದುಕೊಂಡರೆ ಆಶ್ಚರ್ಯವಿಲ್ಲ.

ನೋಡುವುದು ಹೀಗೆ. ಬೋರ್ಡ್ ಬರೆಯುವ ಅಂಗಡಿಯಿಂದ 2, 3, 4 ಮಿ.ಮೀ. ಅಕ್ರಿಲಿಕ್ ಶೀಟಿನ ವೇಸ್ಟ್ ತುಂಡು ತಂದಿಟ್ಟುಕೊಳ್ಳಿ. ಬಾಗಿಲಿನ ಸುತ್ತಲ ಸಂದಿಯಲ್ಲಿ 2 ಸಲೀಸಾಗಿ ಹೋಗಬೇಕು, 4 ಸಡಿಲವಾಗಿ ಹೋಗಬಾರದು. ಆಮೇಲೆ ಒಂದು ಹಾಳೆಯನ್ನು ಬಾಗಿಲಿಗೂ ಪಟ್ಟಿಯ ಸೀಲಿಗೂ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಪ್ರತಿ ಅಡಿಗೊಮ್ಮೆ ಹೀಗೆ. ಎಳೆಯುವಾಗ ಎಲ್ಲ ಕಡೆ ಒಂದೇ ಬಿಗಿ ಇರಬೇಕು, ಎಲ್ಲಿ ಸಲೀಸಾಗಿ ಜಾರುತ್ತದೆಯೋ ಅಲ್ಲಿ ಹೊಗೆಗೆ ದಾರಿ. ಕತ್ತಲಲ್ಲಿ ಆ ಬದಿ ಟಾರ್ಚ್ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಕೊನೆಗೆ ಬಾಗಿಲನ್ನು ಪೂರ್ತಿ ತೆರೆದು ಒಮ್ಮೆ, ಅರ್ಧ ತೆರೆದು ಒಮ್ಮೆ, ಲ್ಯಾಚ್ ಈಗಷ್ಟೇ ಬಿಟ್ಟ ಸ್ಥಿತಿಯಿಂದ ಒಮ್ಮೆ ಕೈಬಿಡಿ. ಮೂರೂ ಸಲ ತಾನಾಗಿಯೇ ಲ್ಯಾಚ್ ಬೀಳಬೇಕು. ಮೂರನೆಯದರಲ್ಲಿ ಸೋಲುವ ಬಾಗಿಲೇ ಹೆಚ್ಚು.

ಕೆಡುವ ರೀತಿಗಳಲ್ಲಿ ಪೇಂಟಿನದೇ ದೊಡ್ಡ ಪಾಲು. ದೀಪಾವಳಿಗೊಮ್ಮೆ ಎನಾಮೆಲ್ ಹೊಡೆದು ಹೊಡೆದು ಆ 1 ಮಿ.ಮೀ. ಮುಚ್ಚಿಹೋಗುತ್ತದೆ, ಸೀಲ್‌ನ ಕೂದಲು ಪೇಂಟಿನಲ್ಲಿ ಗಟ್ಟಿಯಾಗಿ ಬ್ರಷ್ಷಿನ ಬದಲು ಕಡ್ಡಿಯಾಗುತ್ತದೆ. ಬಾಗಿಲು ಕೂರುವುದಿಲ್ಲ, ಯಾರೋ ಇಟ್ಟಿಗೆ ಇಟ್ಟು ತೆರೆದಿಡುತ್ತಾರೆ. ಮರುಪೇಂಟಿಗೆ ಮೊದಲು ಪಟ್ಟಿಯ ಬಾಗಿಲ ಕಡೆಯ ಮುಖವನ್ನು ಬರೀ ಕಟ್ಟಿಗೆ ಕಾಣುವವರೆಗೆ ಉಜ್ಜಿಸಿ, ಸೀಲಿಗೆ ಮಾಸ್ಕಿಂಗ್ ಟೇಪ್ ಹಚ್ಚಿಸಿ. ಎರಡನೆಯ ಪಾಲು ವಾಯರಿನವರದು. ಮ್ಯಾಗ್ನೆಟಿಕ್ ಲಾಕ್ ಹಾಕಲು ಬಂದವರು ಮೇಲಿನ ಪಟ್ಟಿಯನ್ನು ಆರಿಂಚು ಕತ್ತರಿಸಿ ತೆಗೆದು ಪೆಟ್ಟಿಗೆ ಕೂರಿಸುತ್ತಾರೆ. ಅದು ಸರಿಯಾಗಿ ಒತ್ತಡ ಹೆಚ್ಚಿರುವ ಜಾಗ. ಲಾಕ್ ಬೇಕೆಂದರೆ ಪಟ್ಟಿಗೆ ಕೈ ಹಚ್ಚದೆ ಬ್ರ್ಯಾಕೆಟ್ ಮೇಲೆ ಕೂರಿಸುವ ನಮೂನೆ ಸಿಗುತ್ತದೆ, ಅದನ್ನು ತರಿಸಿ. ತೂತು ಕೊರೆಯುವ ಮೊದಲು ಬಾಗಿಲು ತಯಾರಕರನ್ನೂ ಕೇಳಿ.

ಮಿಲ್ಲಿನಿಂದ ಪಟ್ಟಿ ತರುವವರು ಬಿಲ್ಲಿನಲ್ಲಿ "ಬೀಡಿಂಗ್ 19 ಅಡಿ" ಎಂದು ಬರೆಸಬೇಡಿ. ಮರದ ಜಾತಿ, ಪ್ಲೇನ್ ಆದ ಮೇಲಿನ ಅಳತೆ, ಒಂದು ಮೀಟರಿನ ತೂಕ, ತೇವಾಂಶ, ಈ ನಾಲ್ಕೂ ಇರಲಿ. ಫೈರ್ ಎನ್‌ಒಸಿ ನವೀಕರಣಕ್ಕೆ ಅಗ್ನಿಶಾಮಕ ಇಲಾಖೆಯವರು ಬಂದಾಗ ಬಾಗಿಲಿನ ಸರ್ಟಿಫಿಕೇಟಿನ ಜೊತೆ ತೋರಿಸಲು ಆ ಬಿಲ್ಲು ಕೆಲಸಕ್ಕೆ ಬರುತ್ತದೆ. ಉಳಿದ ಒಂದೂವರೆ ಎರಡು ಅಡಿ ತುಂಡನ್ನು ಬಿಸಾಡದೆ, ಬಾಗಿಲಿನ ನಂಬರ್ ಬರೆದು ಎಲೆಕ್ಟ್ರಿಕಲ್ ಕೋಣೆಯಲ್ಲಲ್ಲ, ಸ್ಟೋರಿನಲ್ಲಿ ಒಣ ಜಾಗದಲ್ಲಿ ಇಡಿ. ಮುಂದೆ ಗೂಟ ಕೆತ್ತಲು ಅದೇ ಮರ ಬೇಕು.